ಕಾರು ಕೊಂಡ ಮೇಲೆ ಕೈಯಲ್ಲಿ ಉಳಿಯಬೇಕಾದದ್ದು

ಯಾರಾದರೂ ಮೊದಲ ಸಲ ಕಾರು ತಗೊಂಡರೆ ಎಲ್ಲರೂ ಕೇಳುವುದು ಎರಡೇ: ಯಾವ ಗಾಡಿ, ಎಷ್ಟಾಯ್ತು? ಸ್ವಲ್ಪ ಸಲುಗೆ ಇರುವವರು ತಿಂಗಳ ಕಂತು ಎಷ್ಟು ಅಂತಲೂ ವಿಚಾರಿಸುತ್ತಾರೆ. ಕಂತು ಕಟ್ಟಿ, ಪೆಟ್ರೋಲು ಹಾಕಿಸಿ, ವಿಮೆಗೆ ಅಂತ ಒಂದಿಷ್ಟು ಎತ್ತಿಟ್ಟ ಮೇಲೆ ನಿನ್ನ ಕೈಯಲ್ಲಿ ಏನು ಉಳಿಯುತ್ತೆ ಅಂತ ಕೇಳುವವರನ್ನು ನಾನು ಇನ್ನೂ ನೋಡಿಲ್ಲ. ಇಪ್ಪತ್ತು–ಇಪ್ಪತ್ತೈದರ ವಯಸ್ಸಿನವರಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಅಂತ ನನಗನಿಸುತ್ತದೆ.

ಈಗ ಇದನ್ನು ಬರೆಯಲು ಕಾರಣ ನನ್ನ ತಮ್ಮ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ಫೋನ್ ಮಾಡಿ, “ಅಕ್ಕಾ, ಬ್ಯಾಂಕಿನವರು ಲೋನ್ ಕೊಡ್ತೀವಿ ಅಂತಿದಾರೆ. ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಕೊಡ್ತಾರಂತೆ. ತಗೊಂಡ್ಬಿಡ್ಲಾ?” ಅಂದ. ದನಿಯಲ್ಲಿ ಸಂಭ್ರಮ ಇತ್ತು, ಅದನ್ನು ಕೆಡಿಸುವ ಮನಸ್ಸು ನನಗಿರಲಿಲ್ಲ. ಕಾರು ಬೇಡ ಅಂತ ನಾನು ಯಾವತ್ತೂ ಹೇಳುವವಳಲ್ಲ. ಆದರೆ ಬ್ಯಾಂಕು ಇಷ್ಟು ಕೊಡುತ್ತೆ ಅನ್ನುವುದನ್ನೇ ನನಗೆ ಇಷ್ಟು ತಾಕತ್ತಿದೆ ಅಂತ ಅವನು ತಿಳಿದುಕೊಂಡಿದ್ದು ನೋಡಿ ಕಳವಳ ಆಯಿತು. ಸಾಲ ಕೊಡುವವರು ಲೆಕ್ಕ ಹಾಕುವುದು ನೀನು ಕಂತು ತಪ್ಪಿಸುತ್ತೀಯೋ ಇಲ್ಲವೋ ಅಂತ. ಕಂತು ಕಟ್ಟಿದ ಮೇಲೆ ನೀನು ಹೇಗೆ ಬದುಕುತ್ತೀಯ ಅನ್ನುವ ಲೆಕ್ಕ ಅವರದ್ದಲ್ಲ, ಅದು ನಿನ್ನದು ಅಂತ ಅವನಿಗೆ ಹೇಳಿದೆ.

ನನಗೆ ಕಾರು ಬೇಕಾದದ್ದು ಪಾಳಿ ಕೆಲಸದಿಂದಾಗಿ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಇರುತ್ತಿರಲಿಲ್ಲ. ಯಾರಾದರೂ ಅದೇ ದಾರಿಯಲ್ಲಿ ಹೋಗುವವರಿದ್ದರೆ ಅವರ ಜೊತೆ, ಇಲ್ಲದಿದ್ದರೆ ಬೆಳಗಿನ ತನಕ ವಿಶ್ರಾಂತಿ ಕೋಣೆಯ ಕುರ್ಚಿಯಲ್ಲಿ. ಇನ್ನೊಬ್ಬರ ಅನುಕೂಲ ಕೇಳಿಕೊಂಡೇ ಮನೆ ಸೇರಬೇಕಾದ ಸ್ಥಿತಿ ಎಷ್ಟು ಸುಸ್ತು ಮಾಡುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಸ್ವಂತ ಗಾಡಿ ಬಂದ ಮೇಲೆ ಎದ್ದು ಹೊರಡುವ ಹೊತ್ತನ್ನು ನಾನೇ ನಿರ್ಧರಿಸುವಂತಾಯಿತು. ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಯಾರನ್ನೂ ಕೇಳಬೇಕಾಗಲಿಲ್ಲ. ಆ ಸಂತೋಷ ನಿಜವಾದದ್ದು, ಅದಕ್ಕೆ ಬೆಲೆ ಕಟ್ಟಲು ಹೋಗುವುದಿಲ್ಲ.

ಅದಕ್ಕಿಂತ ದೊಡ್ಡದು ಸ್ವಲ್ಪ ಸಮಯದ ನಂತರ ಸಿಕ್ಕಿತು. ಆ ಕೆಲಸ ನನ್ನನ್ನು ಹಿಂಡುತ್ತಿತ್ತು, ಬಿಡಬೇಕು ಅಂತ ತೀರ್ಮಾನಿಸಿದೆ, ಬಿಟ್ಟೆ. ಮುಂದಿನ ಕೆಲಸ ಸಿಗುವ ತನಕ ಸಂಬಳ ಇರಲಿಲ್ಲ. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, ಸಾಲ ಚಿಕ್ಕದು, ಹಾಗಾಗಿ ಕೂಡಿಟ್ಟ ಹಣದಲ್ಲಿ ಕಂತು ನಡೆಯಿತು. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿಯೊಬ್ಬಳಿಗೂ ಅಲ್ಲಿ ಉಸಿರುಕಟ್ಟುತ್ತಿತ್ತು. ಅವಳ ಕಂತು ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿತ್ತು. “ನೀನು ಬಿಡಬಹುದು ಕಣೇ, ನನಗಾಗಲ್ಲ” ಅಂದಳು. ಅವಳ ಕಾರು ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಆದರೆ ಬೇಡವಾದ ಕೆಲಸಕ್ಕೆ ಪ್ರತಿದಿನ ಅವಳನ್ನು ಕರೆದುಕೊಂಡು ಹೋಗುತ್ತಿದ್ದದ್ದೂ ಅದೇ ಕಾರು. ಅವತ್ತಿನಿಂದ ನನಗೆ ಕಾರಿನ ಲೆಕ್ಕ ಅಂದರೆ ಇದೇ: ನಾಳೆ ಕೆಲಸ ಬಿಡಬೇಕೆನಿಸಿದರೆ ಈ ಗಾಡಿ ನನ್ನನ್ನು ಬಿಡಲು ಬಿಡುತ್ತದೆಯೇ?

ಈಗ ಲೆಕ್ಕಕ್ಕೆ ಬರೋಣ. ಸಾಲ 100 ಅಂತ ಇಟ್ಟುಕೊಳ್ಳಿ, ಯಾವ ದೇಶದ ಹಣವಾದರೂ ಸರಿ. ಬಡ್ಡಿ ವರ್ಷಕ್ಕೆ 10%, ಉಳಿದ ಅಸಲಿನ ಮೇಲೆ ಮಾತ್ರ. ಮೂರು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 3.23, ಒಟ್ಟು ಕಟ್ಟುವುದು 116. ಅದೇ ಸಾಲವನ್ನು ಏಳು ವರ್ಷಕ್ಕೆ ಎಳೆದರೆ ಕಂತು 1.66ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವುದು 139 ದಾಟುತ್ತದೆ. ಕಂತು ಅರ್ಧವಾಯಿತು ಅಂತ ಖುಷಿಪಡುವಷ್ಟರಲ್ಲಿ ಬಡ್ಡಿ 16ರಿಂದ 39ಕ್ಕೆ ಏರಿರುತ್ತದೆ. ಶೋರೂಮಿನಲ್ಲಿ “ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?” ಅಂತ ಮೊದಲು ಕೇಳುವುದು ಇದಕ್ಕೇ. ನೀವು ಒಂದು ಸಂಖ್ಯೆ ಹೇಳಿದರೆ ಸಾಕು, ಅವಧಿ ಹಿಗ್ಗಿಸಿ ಅದೇ ಕಂತಿನೊಳಗೆ ಎಂಥ ದೊಡ್ಡ ಗಾಡಿಯನ್ನೂ ಕೂರಿಸಬಹುದು. ಆ ಪ್ರಶ್ನೆಗೆ ಉತ್ತರ ಕೊಡಲೇಬೇಡಿ. ಎಲ್ಲ ತೆರಿಗೆ, ನೋಂದಣಿ, ವಿಮೆ ಸೇರಿ ಒಟ್ಟು ಎಷ್ಟು, ಸಾಲ ತೀರುವ ಹೊತ್ತಿಗೆ ನನ್ನ ಕೈಯಿಂದ ಒಟ್ಟು ಎಷ್ಟು ಹೋಗಿರುತ್ತದೆ ಅಂತ ನೀವೇ ಕೇಳಿ, ಬರೆಸಿಕೊಳ್ಳಿ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ‘ಫ್ಲ್ಯಾಟ್’ ಬಡ್ಡಿ ಅಂತ ಹೇಳುವವರು ಪೂರ್ತಿ ಸಾಲದ ಮೇಲೆ ಕೊನೆಯ ತಿಂಗಳ ತನಕ ಬಡ್ಡಿ ಹಾಕುತ್ತಾರೆ, ನೀವು ಅರ್ಧ ತೀರಿಸಿದ್ದರೂ ಅಷ್ಟೇ. ಐದು ವರ್ಷಕ್ಕೆ 10% ಫ್ಲ್ಯಾಟ್ ಅಂದರೆ ಇಳಿಯುವ ಅಸಲಿನ ಲೆಕ್ಕದಲ್ಲಿ ಅದು ಸುಮಾರು 17% ಬಡ್ಡಿಗೆ ಸಮ. ಇಬ್ಬರು ಸಾಲ ಕೊಡುವವರು ಒಂದೇ ಸಂಖ್ಯೆ ಹೇಳಿದರೂ ಒಬ್ಬರದು ಇನ್ನೊಬ್ಬರದಕ್ಕಿಂತ ಅಷ್ಟು ದುಬಾರಿ ಆಗಿರಬಹುದು.

ಸಾಲ ಇಳಿಯುವ ವೇಗಕ್ಕೂ ಕಾರಿನ ಬೆಲೆ ಇಳಿಯುವ ವೇಗಕ್ಕೂ ಹೊಂದಾಣಿಕೆ ಇಲ್ಲ. ಹೊಸ ಕಾರು ಮೊದಲ ವರ್ಷ 20%, ಆಮೇಲೆ ವರ್ಷಕ್ಕೆ 15% ಬೆಲೆ ಕಳೆದುಕೊಳ್ಳುತ್ತದೆ ಅಂತ ಹಿಡಿಯಿರಿ. ಮಾಡೆಲ್ ಮೇಲೆ, ಬೇಡಿಕೆ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ. ಮೂರು ವರ್ಷಕ್ಕೆ 100ರ ಗಾಡಿ 58ಕ್ಕೆ ಬಂದಿರುತ್ತದೆ. ಕೈಯಿಂದ ಏನೂ ಹಾಕದೆ ಪೂರ್ತಿ ಬೆಲೆಗೆ ಮೊದಲು ಹೇಳಿದ ಅದೇ 10% ಬಡ್ಡಿಗೆ ಏಳು ವರ್ಷದ ಸಾಲ ಮಾಡಿದ್ದರೆ, ಮೂರು ವರ್ಷ ಒಂದೂ ಕಂತು ತಪ್ಪಿಸದೆ ಕಟ್ಟಿದ ಮೇಲೂ ಬಾಕಿ 65 ಇರುತ್ತದೆ. ಅಂದರೆ ಗಾಡಿ ಮಾರಿದರೂ ಸಾಲ ತೀರುವುದಿಲ್ಲ. ಆ ಹೊತ್ತಿಗೆ ಅಪಘಾತದಲ್ಲಿ ಗಾಡಿ ಪೂರ್ತಿ ಹೋದರೆ, ಸಾಮಾನ್ಯ ವಿಮೆ ಕೊಡುವುದು ಗಾಡಿಯ ಅವತ್ತಿನ ಬೆಲೆಯನ್ನು ನೋಡಿಕೊಂಡೇ ಹೊರತು ಸಾಲದ ಬಾಕಿಯನ್ನು ನೋಡಿಕೊಂಡಲ್ಲ. ಕಾರು ಇಲ್ಲದೆ ಕಂತು ಮಾತ್ರ ಉಳಿಯುವ ಪರಿಸ್ಥಿತಿ ಅದು. ಇದೇ ಗಾಡಿಗೆ 20 ಕೈಯಿಂದ ಹಾಕಿ, ಉಳಿದ 80ನ್ನು ನಾಲ್ಕು ವರ್ಷಕ್ಕೆ ಸಾಲ ಮಾಡಿದ್ದರೆ ಮೂರು ವರ್ಷದ ಕೊನೆಗೆ ಬಾಕಿ ಬರೀ 23. ಆಗ ಬೇಡ ಅನಿಸಿದರೆ ಮಾರಬಹುದು, ಸಾಲ ಮುಗಿಸಿ ಕೈಗೊಂದಿಷ್ಟು ದುಡ್ಡೂ ಬರುತ್ತದೆ.

ಕೈಯಿಂದ 20%, ಸಾಲ ನಾಲ್ಕು ವರ್ಷ, ಕಾರಿನ ತಿಂಗಳ ಒಟ್ಟು ಖರ್ಚು ಆದಾಯದ 10%ರೊಳಗೆ ಅನ್ನುವ ಸೂತ್ರವನ್ನು ಹಣಕಾಸಿನ ಸಲಹೆ ಕೊಡುವವರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಮೊದಲ ಸಂಬಳದಲ್ಲಿ ಮೂರನೆಯದನ್ನು ಪಾಲಿಸುವುದು ಕಷ್ಟ, ಅದು ನನಗೆ ಗೊತ್ತು. ದುಡಿಯಲು ಹೋಗುವುದಕ್ಕೇ ಗಾಡಿ ಬೇಕು ಅನ್ನುವವರು ಅದನ್ನು ಸ್ವಲ್ಪ ಸಡಿಲ ಮಾಡಿಕೊಂಡರೆ ತಪ್ಪಿಲ್ಲ. ಮೊದಲಿನ ಎರಡನ್ನು ಮಾತ್ರ ನಾನು ಸಡಿಲ ಮಾಡುವುದಿಲ್ಲ. ನಾಲ್ಕು ವರ್ಷದಲ್ಲಿ ತೀರಿಸಲಾಗದ ಗಾಡಿ ಸದ್ಯಕ್ಕೆ ನಮ್ಮದಲ್ಲ.

ಸಾಲ ಮಾಡಿ ಕಾರು ಕೊಳ್ಳುವುದು ಇಷ್ಟು ಸಹಜ ಆಗಿಬಿಟ್ಟಿದ್ದರ ಹಿಂದೆ ಒಂದು ಚರಿತ್ರೆ ಇದೆ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ತಂದರು, 1913ರಲ್ಲಿ ಚಲಿಸುವ ಜೋಡಣಾ ಸಾಲು ಹಾಕಿ ಬೆಲೆ ಇಳಿಸಿದರು. ಸಾಲದ ಮೇಲೆ ಕಾರು ಮಾರುವುದು ಮಾತ್ರ ಅವರಿಗೆ ಇಷ್ಟವಿರಲಿಲ್ಲ. ಅವರ ಪ್ರತಿಸ್ಪರ್ಧಿ ಕಂಪನಿ ಜನರಲ್ ಮೋಟಾರ್ಸ್ 1919ರಲ್ಲಿ ಸಾಲ ಕೊಡುವುದಕ್ಕೆಂದೇ ಒಂದು ಸಂಸ್ಥೆ ತೆರೆಯಿತು: ಮೊದಲು ಗಾಡಿ ಒಯ್ಯಿರಿ, ಆಮೇಲೆ ಕಂತು ಕಟ್ಟಿ. ಅದಕ್ಕೆ ಉತ್ತರವಾಗಿ ಫೋರ್ಡ್ 1923ರಲ್ಲಿ ತಂದ ಯೋಜನೆ ಇದರ ತಿರುಗುಮುರುಗು: ವಾರವಾರ ಬ್ಯಾಂಕಿಗೆ ಒಂದಿಷ್ಟು ಕಟ್ಟುತ್ತಾ ಹೋಗಿ, ಪೂರ್ತಿ ಬೆಲೆ ಕೂಡಿದ ಮೇಲೆ ಗಾಡಿ ಒಯ್ಯಿರಿ. ಜನರಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ, ಯೋಜನೆ ನಡೆಯಲಿಲ್ಲ. 1928ರಲ್ಲಿ ಫೋರ್ಡ್ ಕೂಡ ಸಾಲದ ಸಂಸ್ಥೆ ತೆರೆಯಬೇಕಾಯಿತು.

ಸೋತ ಆ ಯೋಜನೆಯ ಮೇಲೆ ನನಗೆ ತುಂಬ ಪ್ರೀತಿ. ಅದನ್ನು ನಮ್ಮಷ್ಟಕ್ಕೆ ನಾವು ಈಗಲೂ ನಡೆಸಬಹುದು. ಕಾರು ಕೊಳ್ಳುವ ಮುಂಚೆ ಕೆಲವು ತಿಂಗಳು, ಕಾರು ಬಂದೇ ಬಿಟ್ಟಿದೆ ಅನ್ನುವಂತೆ ಕಂತು, ಇಂಧನ, ವಿಮೆ, ಪಾರ್ಕಿಂಗ್, ಸರ್ವಿಸ್ ಎಲ್ಲದರ ತಿಂಗಳ ಪಾಲನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ನಾನು ಹಾಗೆ ಮಾಡಿದ್ದೆ. ಎರಡು ಲಾಭ ಆಯಿತು. ಡೌನ್ ಪೇಮೆಂಟಿಗೆ ಹಣ ಕೂಡಿತು. ಅದಕ್ಕಿಂತ ಮುಖ್ಯವಾಗಿ, ತಿಂಗಳ ಕೊನೆಯ ವಾರ ಹೇಗಿರುತ್ತದೆ ಅನ್ನುವುದು ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ಮೈಗೆ ಗೊತ್ತಾಯಿತು. ಆ ಖಾತೆಗೆ ಕೈ ಹಾಕದೆ ಇರಲಾಗದಿದ್ದರೆ ಇನ್ನೂ ಚಿಕ್ಕ ಗಾಡಿ ನೋಡಬೇಕು ಅಂತ ಅರ್ಥ.

ಈ ಲೆಕ್ಕದಲ್ಲಿ ಜನ ಮರೆಯುವುದು ವರ್ಷಕ್ಕೊಮ್ಮೆಯೋ ಕೆಲವು ವರ್ಷಕ್ಕೊಮ್ಮೆಯೋ ಬರುವ ಖರ್ಚುಗಳನ್ನು. ಬ್ಯಾಟರಿ ಮೂರರಿಂದ ಐದು ವರ್ಷ ಬಂದರೆ ಹೆಚ್ಚು. ಟೈರುಗಳೂ ಸವೆಯುತ್ತವೆ, ಎಷ್ಟೋ ಸಲ ನಾಲ್ಕೂ ಒಟ್ಟಿಗೇ ಕೇಳುತ್ತವೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವುಗಳನ್ನು ಒಂದೇ ತಾಳಕ್ಕೆ ಓಡಿಸುವ ಪಟ್ಟಿ) ಇರುವ ಎಂಜಿನ್ ಆದರೆ ಕಂಪನಿ ಹೇಳಿದ ಕಿಲೋಮೀಟರಿಗೆ ಬೆಲ್ಟ್ ಬದಲಿಸಲೇಬೇಕು. ಓಡುವಾಗ ಅದು ಹರಿದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ವಿಮೆಯೂ ಬಹಳ ದೇಶಗಳಲ್ಲಿ ಹೊಸದಾಗಿ ಓಡಿಸುವ ಚಿಕ್ಕ ವಯಸ್ಸಿನವರಿಗೇ ಹೆಚ್ಚು. ಗಾಡಿ ಆರಿಸಿಕೊಳ್ಳುವ ಮೊದಲೇ ಆ ಮಾಡೆಲ್‌ಗೆ ವಿಮೆ ಎಷ್ಟು ಅಂತ ವಿಚಾರಿಸಿ. ಕಾರು ಒಪ್ಪಿಗೆಯಾಗಿ, ವಿಮೆಯ ಮೊತ್ತ ಕೇಳಿ ಹಿಂದೆ ಸರಿದವರನ್ನು ನೋಡಿದ್ದೇನೆ.

ಹೊಸದೋ ಹಳೆಯದೋ? ಮೊದಲ ಕಾರಿಗೆ ನನ್ನ ಓಟು ಮೂರು–ನಾಲ್ಕು ವರ್ಷ ಓಡಿದ ಗಾಡಿಗೆ. ಬೆಲೆ ಜೋರಾಗಿ ಬೀಳುವ ವರ್ಷಗಳ ನಷ್ಟವನ್ನು ಮೊದಲ ಮಾಲೀಕರು ತಿಂದಿರುತ್ತಾರೆ. ಆದರೆ ಇಲ್ಲಿರುವ ಭಯವೂ ಸುಳ್ಳಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದಕ್ಕೂ ಸಾಧಾರಣ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲು ಬರುವುದಿಲ್ಲ, ಕೆಟ್ಟವೇ ಉಳಿಯುತ್ತವೆ. ಈ ಬಗೆಯ ಮಾರುಕಟ್ಟೆಗಳ ಕುರಿತ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾರುವವರಿಗೆ ಗೊತ್ತಿರುವುದರಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ನಾವೂ ತಿಳಿದುಕೊಳ್ಳುವುದೊಂದೇ ದಾರಿ, ಅದು ಕಣ್ಣು ಕೈಗಳಿಂದ ಆಗುವ ಕೆಲಸ.

ನಾನು ಗಾಡಿ ನೋಡಲು ಹೋದಾಗ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು, ಅವರ ಕೂಲಿ ಕೊಟ್ಟೇ, ಜೊತೆಗೆ ಕರೆದೊಯ್ದಿದ್ದೆ. ಅವರು ಮೊದಲು ಮಾಡಿದ್ದು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ್ದು. “ಬಿಸಿ ಇದ್ರೆ ನಾವು ಬರೋಕ್ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ. ಎಂಜಿನ್ ತಣ್ಣಗಿರ್ವಾಗ್ಲೇ ಅದರ ಕಾಯಿಲೆ ಗೊತ್ತಾಗೋದಮ್ಮ” ಅಂದರು. ತಣ್ಣಗಿತ್ತು. ಸ್ಟಾರ್ಟ್ ಮಾಡುವ ಮೊದಲು ಕೀ ಒಂದು ಹಂತ ತಿರುಗಿಸಿ ಡ್ಯಾಶ್‌ಬೋರ್ಡ್ ನೋಡಿಸಿದರು: ಎಂಜಿನ್ ಲೈಟ್ ಒಮ್ಮೆ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲ ಅಂದರೆ ದೋಷ ಕಾಣದಿರಲಿ ಅಂತ ಯಾರೋ ಅದನ್ನು ಕಿತ್ತಿರಬಹುದು. ಆಮೇಲೆ ಸೈಲೆನ್ಸರ್ ಹತ್ತಿರ ನಿಂತರು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಂಜಿನ್ ತಂಪು ಮಾಡುವ ಕೂಲಂಟ್ ದ್ರವ ಒಳಗೆ ಸೇರುತ್ತಿದೆ ಅನ್ನುವ ಗುಮಾನಿ.

ಬಾನೆಟ್ ಎತ್ತಿದಾಗ ಅವರ ಕಣ್ಣು ಎಂಜಿನ್ನಿಗಿಂತ ಮೊದಲು ಹೋಗಿದ್ದು ಫೆಂಡರಿನ, ಅಂದರೆ ಚಕ್ರದ ಮೇಲಿನ ತಗಡಿನ, ಬೋಲ್ಟುಗಳ ಮೇಲೆ. ಬೋಲ್ಟಿನ ತಲೆಯ ಮೇಲಿನ ಬಣ್ಣ ಕಿತ್ತಿದ್ದರೆ ಎಲ್ಲೋ ಡಿಕ್ಕಿಯಾಗಿ ಆ ಭಾಗ ಒಮ್ಮೆ ಬಿಚ್ಚಿ ಕೂರಿಸಿರಬಹುದು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಅದರ ಅಂಚಿಗೆ ಸ್ಪ್ರೇ ಬಣ್ಣ ಹತ್ತಿದೆಯೇ ಅಂತ ಬೆರಳಾಡಿಸಿದರು. ಸೀಟ್ ಬೆಲ್ಟನ್ನು ತುದಿಯ ತನಕ ಹೊರಗೆಳೆದಿದ್ದು ನನಗೆ ವಿಚಿತ್ರ ಅನಿಸಿತು. ನೆರೆ ನೀರಿನಲ್ಲಿ ಮುಳುಗಿದ ಗಾಡಿಯ ಸೀಟು, ಮ್ಯಾಟು ಎಲ್ಲ ತೊಳೆದು ಬದಲಿಸುತ್ತಾರೆ, ಆದರೆ ಸುರುಳಿಯ ಒಳಗೆ ಉಳಿದ ಬೆಲ್ಟಿನ ಭಾಗದಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತದಂತೆ. ಪೆಡಲ್‌ಗಳ ರಬ್ಬರು, ಸ್ಟೀರಿಂಗಿನ ನುಣುಪು, ಡ್ರೈವರ್ ಸೀಟಿನ ಅಂಚು, ಈ ಮೂರನ್ನೂ ನೋಡಿ ಮೀಟರಿನ ಸಂಖ್ಯೆಗೆ ಹೊಂದಿಸಿದರು. ಮೀಟರ್ ತಿರುಗಿಸುವುದು ಸುಲಭ, ರಬ್ಬರಿನ ಸವೆತ ಅಳಿಸುವುದು ಅಷ್ಟು ಸುಲಭ ಅಲ್ಲ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕಂಕಿಯನ್ನು ಓದುವುದನ್ನೂ ಅವತ್ತೇ ಕಲಿತೆ: 3521 ಅಂತಿದ್ದರೆ 2021ರ 35ನೇ ವಾರ ತಯಾರಾದ ಟೈರು.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಷಾಸಿ, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ, ಈಗಿನ ಗಾಡಿಗಳಲ್ಲಿ ಅದು 17 ಅಕ್ಷರ–ಅಂಕಿಗಳದ್ದು, ನೋಂದಣಿ ಪತ್ರದಲ್ಲಿರುವುದಕ್ಕೆ ಒಂದೊಂದಾಗಿ ತಾಳೆಯಾಗಬೇಕು. ಹಳೆಯ ಮಾಲೀಕರ ಸಾಲ ಅದರ ಮೇಲೆ ಬಾಕಿ ಇಲ್ಲ ಅನ್ನುವುದಕ್ಕೆ ಲಿಖಿತ ದಾಖಲೆ ಬೇಕು. ಬಾಯಿಮಾತು ಸಾಲದು, ಎಷ್ಟೇ ಒಳ್ಳೆಯವರಾಗಿರಲಿ.

ಉಳಿತಾಯದ ಮಾತು ಇಷ್ಟೆಲ್ಲ ಆಡಿದವಳು ಒಂದು ಕಡೆ ಮಾತ್ರ ಕೈ ಬಿಗಿ ಹಿಡಿಯಬೇಡಿ ಅನ್ನುತ್ತೇನೆ, ಅದು ಸುರಕ್ಷತೆ. ವೋಲ್ವೋ ಕಾರು ಕಂಪನಿಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್ 1959ರಲ್ಲಿ ಹೆಗಲು, ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಸೀಟ್ ಬೆಲ್ಟ್ ತಂದಾಗ ಕಂಪನಿ ಅದರ ಪೇಟೆಂಟನ್ನು ಬೇರೆ ಕಂಪನಿಗಳಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಜೀವ ಉಳಿಸುವ ವಸ್ತು ಎಲ್ಲರಿಗೂ ಸಿಗಲಿ ಅಂತ ಒಂದು ಕಂಪನಿ ಯೋಚಿಸಿದ ಈ ಸಂಗತಿ ನೆನಪಾದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಗಾಡಿ ಜಾರಿದಾಗ ಒಂದೊಂದು ಚಕ್ರಕ್ಕೂ ಬೇರೆಬೇರೆ ಬ್ರೇಕ್ ಹಾಕಿ ದಿಕ್ಕು ತಪ್ಪದಂತೆ ನೋಡಿಕೊಳ್ಳುವ ಇಎಸ್‌ಸಿ ವ್ಯವಸ್ಥೆ ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪಿಯನ್ ಒಕ್ಕೂಟದಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಹಳೆಯ ಗಾಡಿ ಕೊಳ್ಳುವವರು ಇದು ಇದೆಯೇ ಅಂತ ನೋಡಿಯೇ ಮುಂದುವರಿಯಬೇಕು. ಕ್ರ್ಯಾಶ್ ಟೆಸ್ಟಿನ ಸ್ಟಾರ್‌ಗಳನ್ನು ನೋಡುವಾಗ ವರ್ಷವನ್ನೂ ನೋಡಿ. ಯುರೋಪಿನಲ್ಲಿ ಈ ಪರೀಕ್ಷೆ ನಡೆಸುವ ಯುರೋ ಎನ್‌ಕ್ಯಾಪ್ ಸಂಸ್ಥೆ 1997ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದಾಗಿನಿಂದ ಪರೀಕ್ಷೆಗಳು ಹಂತಹಂತವಾಗಿ ಬಿಗಿಯಾಗಿವೆ, ಹಾಗಾಗಿ ಹಿಂದಿನ ಐದು ಸ್ಟಾರೂ ಇವತ್ತಿನ ಐದು ಸ್ಟಾರೂ ಒಂದೇ ಅಲ್ಲ. ದೊಡ್ಡ ಟಚ್‌ಸ್ಕ್ರೀನ್, ಸನ್‌ರೂಫ್ ಇರುವ ಟಾಪ್ ಮಾಡೆಲ್ ಬಿಟ್ಟು, ಏರ್‌ಬ್ಯಾಗು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ), ಇಎಸ್‌ಸಿ ಇರುವ ಕೆಳಗಿನ ಮಾಡೆಲ್ ತಗೊಂಡವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇನ್ನು ಅಪ್ಪ ಅಮ್ಮನ ಮಾತು. ಮಕ್ಕಳ ಸಾಲಕ್ಕೆ ಜಾಮೀನು ಹಾಕಲು ಅಪ್ಪಂದಿರು ಹಿಂದೆಮುಂದೆ ನೋಡುವುದಿಲ್ಲ. ತಮ್ಮನಿಗೂ ನಮ್ಮಪ್ಪ “ನಾನಿದೀನಲ್ಲಪ್ಪ, ಸಹಿ ಹಾಕ್ತೀನಿ” ಅಂದಿದ್ದರು. ಆ ಸಹಿ ಕಾಗದದ ಶಾಸ್ತ್ರಕ್ಕಲ್ಲ. ಮಗ ಕಂತು ತಪ್ಪಿಸಿದ ತಿಂಗಳು ಸಾಲ ಕೊಟ್ಟವರು ಅಪ್ಪನ ಬಾಗಿಲಿಗೆ ಬರಬಹುದು, ಅಪ್ಪನ ಸಾಲದ ದಾಖಲೆಗೂ ಕಪ್ಪುಚುಕ್ಕೆ ಬೀಳಬಹುದು. ನಿವೃತ್ತಿಗೆ ಹತ್ತಿರ ಇರುವವರ ಉಳಿತಾಯದ ಮೇಲೆ ನಮ್ಮ ಮೊದಲ ಕಾರನ್ನು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಜಾಮೀನು ಇಲ್ಲದೆ ಸಾಲ ಹುಟ್ಟುವುದಿಲ್ಲ ಅಂದರೆ, ನನ್ನೊಬ್ಬನ ಹೆಸರಿನಲ್ಲಿ ಎಷ್ಟು ಹುಟ್ಟುತ್ತದೋ ಅಷ್ಟಕ್ಕೆ ಸಿಗುವ ಗಾಡಿ ನೋಡೋಣ ಅನ್ನುವುದು ಒಳ್ಳೆಯದು.

ತಮ್ಮ ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ. ಹಾಳೆಯಲ್ಲಿ ಎಲ್ಲ ಬರೆದುಕೊಂಡು ಕೂತಿದ್ದನಂತೆ. ಶೋರೂಮಿನಲ್ಲಿ ನೋಡಿದ ಗಾಡಿಗೆ ಕಂತು, ವಿಮೆ, ಪೆಟ್ರೋಲು, ಪಾರ್ಕಿಂಗ್ ಸೇರಿಸಿದರೆ, ಮುಂದಿನ ವರ್ಷ ಸೇರಬೇಕು ಅಂತಿದ್ದ ಸಂಜೆ ಕೋರ್ಸಿಗೆ ದುಡ್ಡು ಉಳಿಯುವುದಿಲ್ಲ ಅಂದ. “ಕೋರ್ಸ್ ಬಿಡಲ್ಲ ಅಕ್ಕಾ. ಸಣ್ಣ ಗಾಡಿ ನೋಡ್ತೀನಿ, ಆರು ತಿಂಗಳು ತಡ ಆದ್ರೂ ಪರವಾಗಿಲ್ಲ. ನಿನ್ನ ಮೆಕ್ಯಾನಿಕ್ ನಂಬರ್ ಕೊಡು” ಅಂದ. ನಂಬರ್ ಕಳಿಸಿದೆ. ಸಾಲ ಪೂರ್ತಿ ತೀರಿದ ದಿನ ನೋಂದಣಿ ಪತ್ರದಿಂದ ಸಾಲ ಕೊಟ್ಟವರ ಹೆಸರು ತೆಗೆಸುವುದನ್ನು ಮರೆಯಬೇಡ, ಬಹಳ ಜನ ಮರೆತು ಮಾರುವಾಗ ಪರದಾಡುತ್ತಾರೆ ಅಂತಲೂ ಬರೆದೆ. ನನ್ನ ಕಾರಿನ ಸಾಲ ತೀರಿದ ಮೇಲೂ ಅದೇ ಕಂತನ್ನು ತಿಂಗಳಾ ತಿಂಗಳಾ ನನ್ನದೇ ಖಾತೆಗೆ ಕಟ್ಟುತ್ತಾ ಬಂದಿದ್ದೇನೆ. ಮುಂದಿನ ಗಾಡಿಗೆ ಸಾಲ ಬೇಕಾಗಲಿಕ್ಕಿಲ್ಲ.